ಮೊದಲ ಮಳೆಗೆ ಅಡಿಗೆಮನೆ ತುಂಬ ರೆಕ್ಕೆಹುಳು: ಒರಲೆಯೋ (ಗೆದ್ದಲೋ), ಇರುವೆಯೋ?

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವರು

ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡಿನ ಮನೆ. ಮೊನ್ನೆ ಮಳೆ ಬಿಟ್ಟ ಮೇಲೆ ಸಂಜೆ ಏಳರ ಹೊತ್ತಿಗೆ ಅಡಿಗೆಮನೆಯ ದೀಪಕ್ಕೆ ನೂರಾರು ರೆಕ್ಕೆಹುಳು ಮುತ್ತಿದವು. ಬೆಳಿಗ್ಗೆ ಹುಳು ಇಲ್ಲ, ಹಿಂಬಾಗಿಲ ದಾರಂದದ (ಬಾಗಿಲ ಚೌಕಟ್ಟಿನ) ಬುಡದಲ್ಲಿ ಬರೀ ರೆಕ್ಕೆಗಳ ರಾಶಿ. ಬಚ್ಚಲಿನ ಗೋಡೆಯಲ್ಲಿ ಎಳ್ಳಿನಷ್ಟು ದೊಡ್ಡ, ರೋಮದ ರೆಕ್ಕೆಯ ಬೂದು ಹುಳುಗಳೂ ಇವೆ. ಎರಡೂ ಒಂದೆಯೇ? ಸೀಮೆಎಣ್ಣೆ ಹೊಡೆದರೆ ಸಾಕೇ? ಹಿಂಬಾಗಿಲಿನಿಂದ ಬಾವಿಗೆ ಹತ್ತೇ ಅಡಿ.

ಉತ್ತರ 1: ಮಳೆಹಾತೆ

ಎರಡೂ ಬೇರೆ ಬೇರೆ. ಬಚ್ಚಲಿನದ್ದು ಮೋರಿನೊಣ, ಅದು ಸುಲಭದ್ದು, ಕೊನೆಗೆ ಹೇಳುತ್ತೇನೆ.

ದೀಪಕ್ಕೆ ಬಂದದ್ದನ್ನು ಗುರುತಿಸಲು ಬಿದ್ದ ರೆಕ್ಕೆ ಸಾಕು. ನಾಲ್ಕೂ ರೆಕ್ಕೆ ಒಂದೇ ಉದ್ದ, ಹಾಲುಬಣ್ಣ, ಮೈಗಿಂತ ಎಷ್ಟೋ ಉದ್ದ ಇದ್ದರೆ ಒರಲೆ. ಮುಂದಿನ ಜೋಡಿ ದೊಡ್ಡದು, ಹಿಂದಿನದು ಚಿಕ್ಕದು ಆದರೆ ಇರುವೆ. ಹುಳು ಸಿಕ್ಕಿದರೆ ಸೊಂಟ ನೋಡಿ: ಇರುವೆಯ ಸೊಂಟ ದಾರದಂತೆ, ಮೀಸೆ ಮೊಣಕೈಯಂತೆ ಬಾಗಿರುತ್ತದೆ. ಒರಲೆಗೆ ಸೊಂಟವೇ ಕಾಣದು, ಮೀಸೆ ಮಣಿ ಪೋಣಿಸಿದ ಹಾಗೆ ನೇರ. ಮಲಯಾಳದಲ್ಲಿ ಈಯಾಂಪಾಟ್ಟ ಎನ್ನುವುದು ಇದನ್ನೇ.

ಹಾರುವ ಹುಳು ಮರ ತಿನ್ನುವುದಿಲ್ಲ, ಕಚ್ಚುವುದೂ ಇಲ್ಲ. ಜೋಡಿಯಾಗಿ ಹಸಿ ಮಣ್ಣು ಸಿಗದಿದ್ದರೆ ಸಾಯುತ್ತದೆ. ಆದ್ದರಿಂದ ಅದನ್ನು ಕೊಲ್ಲುವುದಕ್ಕಿಂತ, ಎಲ್ಲಿಂದ ಹೊರಟಿತು ಎಂದು ಹುಡುಕುವುದು ಮುಖ್ಯ. ರೆಕ್ಕೆ ಕಿಟಕಿ ಹತ್ತಿರ ಮಾತ್ರ ಬಿದ್ದಿದ್ದರೆ ತೋಟದ ಹುತ್ತದಿಂದ ದೀಪಕ್ಕೆ ಬಂದಿರಬಹುದು. ದಾರಂದದ ಬುಡದಲ್ಲೇ ರಾಶಿ ಎಂದರೆ ನೆಲದಡಿಯಿಂದಲೇ ಎದ್ದಿರುವ ಸಂಶಯ ಬಲವಾಗುತ್ತದೆ. ಸ್ಕ್ರೂಡ್ರೈವರಿನ ಹಿಡಿಯಿಂದ ದಾರಂದವನ್ನು ಕೆಳಗಿನಿಂದ ಮೇಲಕ್ಕೆ ಬಡಿಯುತ್ತಾ ಹೋಗಿ, ಟೊಳ್ಳು ಸದ್ದು ಬಂದಲ್ಲಿ ಚುಚ್ಚಿ ನೋಡಿ. ಮಣ್ಣಿನ ಕೊಳವೆ ಸಿಕ್ಕಿದರೆ ನಡುವೆ ಎರಡು ಇಂಚು ಮಾತ್ರ ಕೆರೆದು ಬಿಡಿ. ಮೂರು ನಾಲ್ಕು ದಿನದಲ್ಲಿ ಮತ್ತೆ ಮುಚ್ಚಿಕೊಂಡರೆ ಒಳಗೆ ಜೀವ ಇದೆ.

ಸೀಮೆಎಣ್ಣೆ ಬೇಡ. ಎಣ್ಣೆ ತಾಗಿದ ಹತ್ತಿಪ್ಪತ್ತು ಹುಳು ಸಾಯುತ್ತವೆ, ಉಳಿದವು ಆ ದಾರಿ ಬಿಟ್ಟು ಗೋಡೆಯ ಇನ್ನೊಂದು ಸಂದಿನಲ್ಲಿ ಏಳುತ್ತವೆ. ರಾಣಿ ಮಣ್ಣಿನೊಳಗೆ ಹಾಗೆಯೇ ಇರುತ್ತಾಳೆ. ಸೊಳ್ಳೆಗೆ ಹೊಡೆಯುವ ಸ್ಪ್ರೇಯದ್ದೂ ಅದೇ ಕಥೆ. ಮುಂದಿನ ಸಲ ಎದ್ದರೆ ಒಳಗಿನ ದೀಪ ಆರಿಸಿ, ಅಂಗಳದಲ್ಲಿ ಒಂದು ದೀಪ ಉರಿಸಿ, ಅದರಡಿ ಸೋಪುನೀರಿನ ಬೋಗುಣಿ ಇಡಿ.

ಮೋರಿನೊಣ: ರಾತ್ರಿ ಮೋರಿಯ ತೂತಿಗೆ ಪಾರದರ್ಶಕ ಟೇಪನ್ನು ಅಂಟು ಕೆಳಗೆ ಬರುವಂತೆ, ಗಾಳಿಯಾಡಲು ಸ್ವಲ್ಪ ಸಂದು ಬಿಟ್ಟು ಅಂಟಿಸಿ. ಬೆಳಿಗ್ಗೆ ಹುಳು ಅಂಟಿದ್ದರೆ ಮೂಲ ಅದೇ. ಮರಿ ಬೆಳೆಯುವುದು ಕೊಳವೆಯೊಳಗಿನ ಲೋಳೆಯಲ್ಲಿ. ಫಿನಾಯಿಲ್ ಸುರಿದರೆ ಲೋಳೆಯ ಮೇಲೆ ಜಾರಿ ಹೋಗುತ್ತದೆ. ಉದ್ದ ಬ್ರಶ್ಶಿನಿಂದ ಒಳಗೋಡೆ ಉಜ್ಜಿ ಬಿಸಿನೀರು ಹಾಕಿ. ಎರಡು ದಿನಕ್ಕೊಮ್ಮೆ, ಮೂರು ವಾರ.

ಉತ್ತರ 2: ಪಕ್ಕಾಸು

ಮೇಲಿನದ್ದು ಸರಿ, ಆದರೆ ಮಾಡನ್ನೂ ನೋಡಿ. ಪಕ್ಕಾಸು, ರೀಪಿನಿಂದ (ಹಂಚು ಹೊರುವ ಮರದ ತೊಲೆ, ಪಟ್ಟಿಗಳಿಂದ) ಗಸಗಸೆಯಂಥ ಕಾಳು ಉದುರಿದರೆ ಅದು ಒಣಮರದ ಒರಲೆ, ಅದಕ್ಕೆ ನೆಲದ ಸಂಪರ್ಕವೇ ಬೇಡ. ಮೈದಾ ಹಿಟ್ಟಿನಂಥ ನುಣುಪು ಪುಡಿಯಾದರೆ ಮರ ಕೊರೆಯುವ ಕುಟ್ಟೆಹುಳು. ಇವೆರಡಕ್ಕೂ ನೆಲಕ್ಕೆ ಮದ್ದು ಹಾಕಿ ಫಲವಿಲ್ಲ.

ಮನೆಯೊಳಗಿನ ಬಣ್ಣ ಹಚ್ಚದ ಮರಕ್ಕೆ ಒಂದು ಲೀಟರ್ ಬಿಸಿನೀರಿಗೆ 60 ಗ್ರಾಂ ಬೋರಾಕ್ಸ್, 40 ಗ್ರಾಂ ಬೋರಿಕ್ ಆಸಿಡ್ ಕರಗಿಸಿ ಬ್ರಶ್ಶಿನಲ್ಲಿ ಎರಡು ಸಲ ಕೊಡಿ, ನಡುವೆ ಒಂದು ದಿನ ಬಿಡಿ. ವಾರ್ನಿಶ್ ಇದ್ದರೆ ಒಳಗಿಳಿಯದು, ಮೊದಲು ಉಜ್ಜಿ ತೆಗೆಯಬೇಕು. ಮಳೆನೀರು ಬೀಳುವಲ್ಲಿ ತೊಳೆದು ಹೋಗುತ್ತದೆ. ಗೋಡೆಯೊಳಗೆ ಸೇರುವ ಪಕ್ಕಾಸಿನ ತುದಿಗೆ ನಮ್ಮ ಕಡೆಯ ಗೇರೆಣ್ಣೆಯೇ (ಗೇರುಬೀಜದ ಸಿಪ್ಪೆಯ ಎಣ್ಣೆ) ಒಳ್ಳೆಯದು. ಕೈಗೆ ರಬ್ಬರ್ ಗ್ಲೌಸ್, ಮೈಗೆ ಹಳೆ ಅಂಗಿ ಇಲ್ಲದೆ ಮುಟ್ಟಬೇಡಿ, ಚರ್ಮ ಬೊಬ್ಬೆ ಏಳುತ್ತದೆ.

ಪ್ರಶ್ನೆ ಕೇಳಿದವರು

ದಾರಂದದ ಹಿಂದೆ ಕೊಳವೆ ಇದೆ. ಕೆರೆದದ್ದು ಮೂರನೇ ದಿನಕ್ಕೆ ಮುಚ್ಚಿತು. ಈಗಲೇ ನೆಲಕ್ಕೆ ಮದ್ದು ಹಾಕಿಸಬಹುದೇ?

ಉತ್ತರ 3: ಮಳೆಹಾತೆ

ಈಗ ಬೇಡ. ನೀರು ಕುಡಿದ ಮಣ್ಣು ಮದ್ದನ್ನು ಹಿಡಿಯುವುದಿಲ್ಲ. ಕೆಂಪುಕಲ್ಲಿನ ತೂತುಗಳಲ್ಲಿ ಅದು ನೇರ ಬಾವಿಗೆ ಇಳಿದೀತು. ಇಲ್ಲಿನ ಗೇರುತೋಟಗಳಿಗೆ 2000ದ ವರೆಗೆ ಆಕಾಶದಿಂದ ಸುರಿದು ಜನರ ಆರೋಗ್ಯ ಕೆಡಿಸಿದ ಎಂಡೋಸಲ್ಫಾನ್ ಕೀಟನಾಶಕವನ್ನು ಸುಪ್ರೀಂ ಕೋರ್ಟ್ ನಿಷೇಧಿಸಿದ್ದು 2011ರಲ್ಲಿ. ಈ ಜಿಲ್ಲೆಯಲ್ಲಿ ಕುಡಿಯುವ ನೀರಿನ ಪಕ್ಕ ಯಾವ ವಿಷಕ್ಕೂ ಆತುರ ಬೇಡ.

ಡಿಸೆಂಬರಿನಿಂದ ಫೆಬ್ರವರಿಯ ಒಳಗೆ ಮಾಡಿಸಿ. ಕಟ್ಟಿದ ಮನೆಗೆ ಗೋಡೆ ಮತ್ತು ನೆಲ ಸೇರುವಲ್ಲಿ 12 ಮಿಲಿಮೀಟರ್ ತೂತು, ಅಡಿಗೊಂದರಂತೆ, ತೂತಿಗೆ ಒಂದು ಲೀಟರ್ ದ್ರಾವಣ. ಮದ್ದು ಇಮಿಡಾಕ್ಲೋಪ್ರಿಡ್ 30.5 ಶೇಕಡಾದ್ದಾದರೆ ಲೀಟರಿಗೆ 2.1 ಮಿಲಿಲೀಟರ್. ಇದಕ್ಕೆ ವಾಸನೆ ಕಡಿಮೆ, ಒರಲೆಗೆ ಗೊತ್ತಾಗುವುದಿಲ್ಲ, ಓಡಾಡುತ್ತಾ ಒಂದು ಇನ್ನೊಂದಕ್ಕೆ ಹಂಚುತ್ತದೆ. ಆದ್ದರಿಂದ ಕೆಲಸದವರು ಬರುವ ಮೊದಲು ಕೊಳವೆಗಳನ್ನೆಲ್ಲ ಒಡೆದು ಹಾಕಬೇಡಿ. ಬಾವಿ ಇರುವ ಬದಿಗೆ ಮಾತ್ರ ತೂತು ಕೊರೆಸಲೇಬೇಡಿ. ಅಲ್ಲಿ ಆಮಿಷದ ಡಬ್ಬಿ (ಒರಲೆ ತಿನ್ನುವ ಮದ್ದು ಇರುವುದು) ಇಡುವವರನ್ನು ಕೇಳಿ, ನಿಧಾನವಾದರೂ ನೀರಿಗೆ ಸೇರುವುದಿಲ್ಲ.

ಉತ್ತರ 4: ಪಕ್ಕಾಸು

ಅಷ್ಟರವರೆಗೆ ಗೋಡೆಗೆ ಒರಗಿಸಿದ ಸೌದೆ, ಅಡಿಕೆಹಾಳೆ, ತೆಂಗಿನ ಸಿಪ್ಪೆ ಎಲ್ಲ ತೆಗೆಯಿರಿ. ಸೌದೆಯನ್ನು ಕಲ್ಲಿಟ್ಟು ನೆಲದಿಂದ ಒಂದಡಿ ಎತ್ತರಿಸಿ. ಅಂಗಳದ ಮಣ್ಣು ಪಂಚಾಂಗದ (ಗೋಡೆಯಡಿಯ ಕಲ್ಲುಕಟ್ಟೆಯ) ಮೇಲಂಚಿನಿಂದ ಕನಿಷ್ಠ ಆರು ಇಂಚು ಕೆಳಗಿರಲಿ, ಆಗ ಕೊಳವೆ ಕಟ್ಟಿದರೆ ಹೊರಗಿನಿಂದಲೇ ಕಾಣುತ್ತದೆ. ಹಿಂಬಾಗಿಲ ಬಳಿ ಮಾಡಿನ ನೀರು ಗೋಡೆಗೆ ಎರಚುತ್ತಿದ್ದರೆ ಈ ವಾರವೇ ನೀರು ಹರಿದುಹೋಗಲು ಮಾಡಿನಂಚಿಗೆ ಒಂದು ದಂಬೆ ಕಟ್ಟಿಸಿ.