ಅಪ್‌ಡೇಟ್: ಸಿರೋಸಿಸ್ ಇರುವವರ ಎಫ್‌ಎಂಡಿ ಅಳತೆ ಕೊನೆಗೂ ಸ್ಥಿರವಾಯ್ತು

ಹೋದ ವಾರ ಕೇಳಿದ್ದು ಇಷ್ಟು: ಸಿರೋಸಿಸ್ (ಯಕೃತ್ತು ಕಲೆಗಟ್ಟಿ ಗಟ್ಟಿಯಾಗುವ ಕಾಯಿಲೆ) ಇರುವವರ ತೋಳಿಗೆ ಗಾಳಿ ತುಂಬುವ ಪಟ್ಟಿ ಬಿಗಿದು ಬಿಟ್ಟ ಮೇಲೆ ಬ್ರೇಕಿಯಲ್ ಅಪಧಮನಿ (ತೋಳಿನ ಮುಖ್ಯ ರಕ್ತನಾಳ) ಎಷ್ಟು ಹಿಗ್ಗುತ್ತದೆ ಎಂದು ಅಲ್ಟ್ರಾಸೌಂಡ್‌ನಲ್ಲಿ ಅಳೆದರೆ (ಇದೇ ಎಫ್‌ಎಂಡಿ), ಒಬ್ಬರಿಗೇ ಎರಡು ದಿನ ಎರಡು ಅಂಕಿ ಬರುತ್ತಿತ್ತು.

ಕೆಲಸ ಮಾಡಿದ್ದು ಕೋಣೆಯ ತಾಪ ನೋಡಿ ಎಂದವರ ಸಲಹೆ. ಕಲಬುರಗಿಯ ಬಿಸಿಲಲ್ಲಿ ನಡೆದು ಬಂದವರ ರಕ್ತನಾಳ ಮೊದಲೇ ಹಿಗ್ಗಿರುತ್ತದೆ. ಈಗ ಕೋಣೆ 22ರಿಂದ 24 ಡಿಗ್ರಿ, 20 ನಿಮಿಷ ಮಲಗಿ ವಿಶ್ರಾಂತಿ, ಆಮೇಲೇ ಅಳತೆ. ಜೊತೆಗೆ ಪಟ್ಟಿಯನ್ನು ಮೇಲ್ತೋಳಿನಿಂದ ಮುಂದೋಳಿಗೆ (ಮೊಣಕೈ ಕೆಳಗೆ) ಇಳಿಸಿದ್ದೂ ಫಲ ಕೊಟ್ಟಿತು. 5 ನಿಮಿಷ ಬಿಗಿದು, ಬಿಟ್ಟ ಮೇಲೆ 3 ನಿಮಿಷ ರೆಕಾರ್ಡ್ ಮಾಡಿ. 60ನೇ ಸೆಕೆಂಡಿಗೆ ನಿಲ್ಲಿಸಿದರೆ ತಡವಾಗಿ ಬರುವ ಗರಿಷ್ಠ ಹಿಗ್ಗುವಿಕೆ ತಪ್ಪಿಹೋಗುತ್ತದೆ.

ಪಟ್ಟಿಯ ಒತ್ತಡ ಇನ್ನೂ ಏರಿಸಿ ಎಂಬ ಸಲಹೆ ಉಪಯೋಗಕ್ಕೆ ಬರಲಿಲ್ಲ. ಸಿಸ್ಟೋಲಿಕ್‌ಗಿಂತ (ಬಿಪಿಯ ಮೇಲಿನ ಅಂಕಿ) 50 ಮಿ.ಮೀ. ಪಾದರಸದಷ್ಟು ಹೆಚ್ಚಿದ್ದರೆ ರಕ್ತ ನಿಂತೇ ನಿಲ್ಲುತ್ತದೆ. ಪ್ಲೇಟ್‌ಲೆಟ್ ಕಡಿಮೆ ಇರುವವರಿಗೆ ಹೆಚ್ಚು ಒತ್ತಿದರೆ ಚರ್ಮದಡಿ ಕೆಂಪು ಚುಕ್ಕೆ ಏಳುತ್ತವೆ, ದಯವಿಟ್ಟು ಬೇಡ.

ಅಳತೆಗೆಂದು ರಾತ್ರಿಯಿಡೀ 12 ಗಂಟೆ ಉಪವಾಸವೂ ಇವರಿಗೆ ಸರಿಯಲ್ಲ. ಯಕೃತ್ತಿನಲ್ಲಿ ಗ್ಲೈಕೋಜನ್ (ಕೂಡಿಟ್ಟ ಸಕ್ಕರೆ) ಸಂಗ್ರಹ ಕಡಿಮೆ, ಸ್ನಾಯು ಕರಗತೊಡಗುತ್ತದೆ. ಮಲಗುವ ಮುನ್ನ ರೊಟ್ಟಿ, ಬೇಳೆ ತಿನ್ನಿಸಿ ಬೆಳಿಗ್ಗೆ ಬೇಗ ಕರೆಯಿರಿ.

ಅಚ್ಚರಿಯಾದದ್ದು ಒಂದು: ಯಕೃತ್ತಿನೊಳಗೆ ರಕ್ತನಾಳ ಹಿಗ್ಗಿಸುವ ನೈಟ್ರಿಕ್ ಆಕ್ಸೈಡ್ ಕೊರತೆ, ಕರುಳಿನ ರಕ್ತನಾಳಗಳಲ್ಲಿ ಅದೇ ವಿಪರೀತ. ಹಾಗಾಗಿ ತೋಳಿನ ಅಂಕಿ ನೋಡಿ ಪೋರ್ಟಲ್ ಒತ್ತಡ (ಕರುಳಿನಿಂದ ಯಕೃತ್ತಿಗೆ ರಕ್ತ ಒಯ್ಯುವ ನಾಳದ ಒತ್ತಡ) ಊಹಿಸಲಾಗದು. ಹಿಗ್ಗಿದ ಶೇಕಡಾವಾರಿನ ಜೊತೆ ಹಿಗ್ಗುವ ಮುನ್ನಿನ ಮೂಲ ವ್ಯಾಸವನ್ನೂ, ಪೋರ್ಟಲ್ ಒತ್ತಡ ಇಳಿಸುವ ಪ್ರೊಪ್ರನೊಲಾಲ್ ಅಥವಾ ಕಾರ್ವೆಡಿಲಾಲ್ ಮಾತ್ರೆ ತೆಗೆದುಕೊಂಡ ಸಮಯವನ್ನೂ ಬರೆದಿಡಿ. ಅಳತೆಗೋಸ್ಕರ ಆ ಮಾತ್ರೆ ನಿಲ್ಲಿಸಬೇಡಿ. ಹೊಟ್ಟೆಯ ನೀರು ತೆಗೆದ ದಿನ ಅಳೆಯಲೂ ಬೇಡಿ.