ಸಣ್ಣ ಕಾಲೇಜಿಗೆ ಡಿಜಿಟಲ್ ರೆಪಾಸಿಟರಿ: ಎಲ್ಲಿಂದ ಶುರು ಮಾಡೋದು?

ಪ್ರಶ್ನೆ (ಗ್ರಂಥಪಾಲಕಿ, ಅನುದಾನಿತ ಪದವಿ ಕಾಲೇಜು):
ಸರ್, ನಮ್ಮದು ತಾಲ್ಲೂಕು ಕೇಂದ್ರದ ಕಾಲೇಜು. ಅಧ್ಯಾಪಕರ ಲೇಖನಗಳು, ಎಂ.ಎ. ವಿದ್ಯಾರ್ಥಿಗಳ ಕಿರುಪ್ರಬಂಧಗಳು, 1970ರ ದಶಕದಿಂದ ಬಂದ ಕಾಲೇಜು ಸಂಚಿಕೆಗಳು ಎಲ್ಲಾ ಬೀರುವಿನಲ್ಲಿವೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ಮೌಲ್ಯಮಾಪನಕ್ಕೆ ಮುಂಚೆ, ಇವನ್ನೆಲ್ಲ ಆನ್‌ಲೈನ್‌ನಲ್ಲಿ ಹುಡುಕಿ ಓದುವಂತೆ ಇಡುವ ರೆಪಾಸಿಟರಿ ಆಗಬೇಕು ಅಂತ ಪ್ರಿನ್ಸಿಪಾಲರು ಹೇಳಿದ್ದಾರೆ. ಅದಕ್ಕೆ ಡಿಸ್ಪೇಸ್ ಎಂಬ ಸಾಫ್ಟ್‌ವೇರ್ ಹಾಕಿಸೋಣ ಅಂತಿದ್ದೇವೆ. ಲೈಬ್ರರಿಯಲ್ಲಿ ಇರುವುದು ನಾನು ಮತ್ತು ಒಬ್ಬರು ಅಟೆಂಡರ್. ಸರ್ವರ್ ಇಲ್ಲ. ಆಗುತ್ತಾ?

ಉತ್ತರ:
ಖಂಡಿತ ಆಗುತ್ತದೆ ಮೇಡಂ. ಆದರೆ ಡಿಸ್ಪೇಸ್‌ನಿಂದ ಶುರು ಮಾಡಬೇಡಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಗ್ರಂಥಾಲಯ ಮತ್ತು ಎಚ್‌ಪಿ ಕಂಪನಿ ಸೇರಿ 2002ರಲ್ಲಿ ಹೊರತಂದ ಒಳ್ಳೆಯ ಸಾಫ್ಟ್‌ವೇರ್ ಅದು, ಉಚಿತವೂ ಹೌದು. ಆದರೆ 2021ರಲ್ಲಿ ಬಂದ 7ನೇ ಆವೃತ್ತಿಯಿಂದ ಅದರ ಕೆಲಸ ಜಾಸ್ತಿಯಾಗಿದೆ. ಅದರ ಹಿಂದೆ ಓಡುವ ಜಾವಾ, ಪೋಸ್ಟ್‌ಗ್ರೆಸ್, ಸೋಲರ್ ಎಂಬ ಸಾಫ್ಟ್‌ವೇರ್‌ಗಳನ್ನೆಲ್ಲ ನೋಡಿಕೊಳ್ಳಲು ಲಿನಕ್ಸ್ ಬಲ್ಲವರು ಕೈಗೆ ಸಿಗುವಂತಿರಬೇಕು. ಏಜೆನ್ಸಿಯವರು ಹಾಕಿಕೊಟ್ಟು ಹೋಗುತ್ತಾರೆ. ಆಮೇಲೆ ಅಪ್‌ಡೇಟ್ ಮಾಡುವವರು ಯಾರು? ಬೆಂಗಳೂರಿನ ಐಐಎಸ್‌ಸಿ 2002ರಲ್ಲೇ ಇಪ್ರಿಂಟ್ಸ್ ಎಂಬ ಇಂಥದ್ದೇ ಸಾಫ್ಟ್‌ವೇರ್ ಬಳಸಿ ರೆಪಾಸಿಟರಿ ಶುರು ಮಾಡಿತು, ಇಂದಿಗೂ ನಡೆಸುತ್ತಿದೆ. ಅಲ್ಲಿ ಅದನ್ನು ನೋಡಿಕೊಳ್ಳುವ ಜನ ಇದ್ದಾರೆ.

ನಿಮಗೆ ಸದ್ಯಕ್ಕೆ ಜೆನೋಡೋ ಸಾಕು. ಅದು ಕಡತಗಳನ್ನು ಆನ್‌ಲೈನ್‌ನಲ್ಲಿ ಇಟ್ಟುಕೊಡುವ, ಜಿನೀವಾದ ಸರ್ನ್ ವಿಜ್ಞಾನ ಸಂಸ್ಥೆ 2013ರಿಂದ ನಡೆಸುತ್ತಿರುವ ಉಚಿತ ಸೇವೆ. ಕಾಲೇಜಿನ ಹೆಸರಿನಲ್ಲಿ ಒಂದು ಕಮ್ಯೂನಿಟಿ, ಅಂದರೆ ನಿಮ್ಮ ಕಡತಗಳೆಲ್ಲ ಒಟ್ಟಿಗೆ ಕಾಣುವ ಪುಟ, ತೆರೆಯಿರಿ. ನೀವು ಸೇರಿಸುವ ಪ್ರತಿ ಲೇಖನಕ್ಕೂ ಡಿಒಐ, ಅಂದರೆ ಬದಲಾಗದ ಶಾಶ್ವತ ಗುರುತು, ಸಿಗುತ್ತದೆ. ಒಂದು ಎಚ್ಚರಿಕೆ: ಅಲ್ಲಿ ಪ್ರಕಟಿಸಿದ್ದನ್ನು ಬೇಕೆಂದಾಗ ಅಳಿಸಲು ಬರುವುದಿಲ್ಲ. ಹಾಕುವ ಮುಂಚೆ ಇನ್ನೊಬ್ಬರ ಕಣ್ಣೂ ಬೀಳಲಿ.

ನಿಮ್ಮ ನಿಜವಾದ ಕೆಲಸ ಇರುವುದು ಕನ್ನಡ ಕಡತಗಳಲ್ಲಿ. ಹತ್ತು ವರ್ಷ ಹಿಂದಿನ ಒಂದು ಕಿರುಪ್ರಬಂಧದ ಪಿಡಿಎಫ್ ತೆರೆಯಿರಿ. ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ. ಕನ್ನಡದ ಬದಲು ತಲೆಯ ಮೇಲೆ ಗೀಟು, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳು ಬಂದರೆ ಅದು ನುಡಿ ಅಥವಾ ಶ್ರೀಲಿಪಿಯ ಹಳೇ ಫಾಂಟ್‌ನಲ್ಲಿ ಟೈಪ್ ಆದದ್ದು. ಕಣ್ಣಿಗೆ ಚೆನ್ನಾಗೇ ಕಾಣುತ್ತದೆ, ಆದರೆ ಹುಡುಕಿದರೆ ಯಾರಿಗೂ ಸಿಗುವುದಿಲ್ಲ. ಮೂಲ ವರ್ಡ್ ಕಡತ ಇದ್ದರೆ ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರ್‌ಗಳೂ ಕನ್ನಡವೆಂದೇ ಗುರುತಿಸುವ ಅಕ್ಷರ ಸಂಕೇತಕ್ಕೆ) ಪರಿವರ್ತಿಸಿ ಹೊಸ ಪಿಡಿಎಫ್ ಮಾಡಿ. ಪರಿವರ್ತಿಸಿದ ಮೇಲೆ ಅರ್ಕಾವತ್ತು ಮತ್ತು ಅಂಕಿಗಳನ್ನು ಒಮ್ಮೆ ನೋಡಿ, ತಪ್ಪು ನುಸುಳುವುದು ಅಲ್ಲೇ.

ಹಳೇ ಸಂಚಿಕೆಗಳನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಸ್ಕ್ಯಾನ್ ಮಾಡಿದ ಪುಟದ ಅಕ್ಷರಗಳನ್ನು ಪಠ್ಯವಾಗಿಸುವ ಟೆಸೆರಾಕ್ಟ್ ಎಂಬ ಸಾಫ್ಟ್‌ವೇರ್ ಕನ್ನಡ ಓದುತ್ತದೆ, ಆದರೆ ಅಚ್ಚುಮೊಳೆಯ ಮಸುಕು ಮುದ್ರಣದಲ್ಲಿ ಒತ್ತಕ್ಷರಗಳಿಗೆ ಎಡವುತ್ತದೆ. ಎಲ್ಲ ತಿದ್ದಲು ಪುರುಸೊತ್ತು ಇಲ್ಲದಿದ್ದರೆ ಪರಿವಿಡಿಯನ್ನಾದರೂ ಯೂನಿಕೋಡ್‌ನಲ್ಲಿ ಟೈಪ್ ಮಾಡಿ ವಿವರಣೆಯ ಜಾಗದಲ್ಲಿ ಹಾಕಿ. ಲೇಖಕರ ಹೆಸರು, ಶೀರ್ಷಿಕೆ ಇದ್ದರೆ ಹುಡುಕುವವರಿಗೆ ದಾರಿ ಸಿಗುತ್ತದೆ. ನಿಮ್ಮೂರಿನ ಜಾತ್ರೆ, ಕೆರೆ, ನೇಕಾರಿಕೆ ಬಗ್ಗೆ ವಿದ್ಯಾರ್ಥಿಗಳು ಬರೆದದ್ದು ಬೇರೆಲ್ಲೂ ಇರುವುದಿಲ್ಲ ಮೇಡಂ. ಅದೇ ಮೊದಲು ಹೋಗಲಿ.

ಪ್ರಶ್ನೆ (ಅವರೇ):
ತುಂಬಾ ಉಪಕಾರವಾಯಿತು ಸರ್. ಎಲ್ಲವನ್ನೂ ಸುಮ್ನೆ ಗೂಗಲ್ ಡ್ರೈವ್‌ಗೆ ಹಾಕಿ ಲಿಂಕ್ ಕೊಟ್ಟರೆ ಸಾಲದಾ ಅಂತ ಕೆಲವು ಅಧ್ಯಾಪಕರು ಕೇಳುತ್ತಾರೆ. ಮತ್ತೆ, ಜರ್ನಲ್‌ಗಳಲ್ಲಿ ಬಂದ ಲೇಖನ ಹಾಕಬಹುದಾ?

ಉತ್ತರ:
ಡ್ರೈವ್ ಯಾರದೋ ಖಾತೆಯಲ್ಲಿರುತ್ತದೆ. ಅವರು ವರ್ಗವಾದರು, ನಿವೃತ್ತರಾದರು ಅಂದರೆ ಲಿಂಕ್ ಹೋಯಿತು. ಲೇಖಕರು ಯಾರು, ವರ್ಷ ಯಾವುದು ಎಂಬ ನಮೂದೂ ಅಲ್ಲಿರುವುದಿಲ್ಲ. ಬ್ಯಾಕಪ್‌ಗೆ ಇಟ್ಟುಕೊಳ್ಳಿ, ಅಷ್ಟೇ.

ಜರ್ನಲ್‌ನ ಅಚ್ಚಾದ ಪಿಡಿಎಫ್ ಹಾಗೇ ಹಾಕಬೇಡಿ, ಅದರ ಹಕ್ಕು ಪ್ರಕಾಶಕರದ್ದಿರಬಹುದು. ಪರಿಶೀಲನೆ ಮುಗಿದು ಒಪ್ಪಿಗೆಯಾದ, ಪುಟವಿನ್ಯಾಸವಾಗದ ಪ್ರತಿಯನ್ನು ಹಾಕಲು ಎಷ್ಟೋ ಜರ್ನಲ್‌ಗಳು ಬಿಡುತ್ತವೆ. ಕೆಲವು ಇಷ್ಟು ತಿಂಗಳು ಕಾಯಿರಿ ಅನ್ನುತ್ತವೆ. ಆಯಾ ಜರ್ನಲ್‌ನ ನಿಯಮ ಓದಿ. ಯಾರಾದರೂ ಉಚಿತವಾಗಿ ಓದಬಹುದಾದ ಓಪನ್ ಆಕ್ಸೆಸ್ ಲೇಖನವಾದರೆ ಅದರ ಲೈಸೆನ್ಸ್ ನೋಡಿ ಹಾಕಿ.

ವಿದ್ಯಾರ್ಥಿಗಳ ಕಿರುಪ್ರಬಂಧಕ್ಕೆ ಒಂದು ಪುಟದ ಒಪ್ಪಿಗೆ ಪತ್ರ ಮಾಡಿ, ಸಲ್ಲಿಸುವಾಗಲೇ ಸಹಿ ತಗೊಳ್ಳಿ. ಹಳಬರಿಗೆ ಫೋನ್ ಮಾಡಿ ಕೇಳಿ, ಒಪ್ಪಿಗೆಯನ್ನು ಮೆಸೇಜಿನಲ್ಲಿ ಬರೆಸಿಕೊಳ್ಳಿ. ಕ್ಷೇತ್ರಕಾರ್ಯದ ಅನುಬಂಧಗಳನ್ನು ತಪ್ಪದೆ ತಿರುವಿ ನೋಡಿ. ಮಾಹಿತಿ ಕೊಟ್ಟವರ ಫೋನ್ ನಂಬರ್, ಕೆಲವೊಮ್ಮೆ ಆಧಾರ್ ಪ್ರತಿ ಕೂಡ ಅಲ್ಲಿರುತ್ತದೆ. ಆ ಪುಟಗಳನ್ನು ತೆಗೆದೇ ಹಾಕಬೇಕು.