ಪದಚರ್ಚೆ: ಘಾತಾಂಕ 2/3 ಆದರೆ ಅದನ್ನು ಏನೆನ್ನಬೇಕು? (ನಾಳೆಯೊಳಗೆ ಬೇಕು)

ಸಾಗರದಿಂದ:
ನಮ್ಮ ಹೈಸ್ಕೂಲಿನ ಗಣಿತ ಮೇಳಕ್ಕೆ ಫಲಕ ಬರೆಸುತ್ತಿದ್ದೇನೆ. ಶಿವಮೊಗ್ಗದಲ್ಲಿ ನಾಳೆ ಬೆಳಗ್ಗೆ ಫ್ಲೆಕ್ಸ್ ಅಚ್ಚಿಗೆ ಹೋಗುತ್ತದೆ. 'ಭಾಗಲಬ್ಧ ಘಾತಾಂಕವಿರುವ ಬೀಜೋಕ್ತಿಗಳನ್ನು ಸುಲಭೀಕರಿಸಿ' ಎಂದು ಬರೆದಿದ್ದೆ. ಘಾತಾಂಕ ಅಂದರೆ ಸಂಖ್ಯೆಯ ತಲೆ ಮೇಲೆ ಬರೆಯುವ ಚಿಕ್ಕ ಅಂಕಿ; ಭಾಗಲಬ್ಧ ಅಂದರೆ ಇಲ್ಲಿ ಭಿನ್ನರಾಶಿಯಾಗಿ ಬರೆಯಬಲ್ಲ ಸಂಖ್ಯೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಅದನ್ನು ಓದಿ, 8ರ ತಲೆ ಮೇಲಿದ್ದ 2/3ನ್ನು ಭಾಗಿಸಿ 0.666 ಎಂದು ಬರೆದು ಕೂತಳು. ಭಾಗಾಕಾರದಲ್ಲಿ ಬರುವ ಉತ್ತರಕ್ಕೂ ನಾವು ಭಾಗಲಬ್ಧ ಎಂದೇ ಕಲಿಸಿದ್ದೇವಲ್ಲ, ಅವಳದ್ದೇನು ತಪ್ಪು? 'ಭಿನ್ನ ಘಾತಾಂಕ' ಎಂದರೆ ಸರಿಹೋದೀತೇ?

ತೀರ್ಥಹಳ್ಳಿಯಿಂದ:
ಖಂಡಿತ ಬೇಡ. 'ಒಂದೇ ಘಾತಾಂಕ, ಬೇರೆ ಆಧಾರ' ಎಂದು ನಿಯಮ ಕಲಿತ ಮಕ್ಕಳು ಭಿನ್ನ ಅಂದರೆ ಬೇರೆ ಬೇರೆ ಎಂದೇ ಓದುತ್ತಾರೆ. ಭಾಗಲಬ್ಧವನ್ನೂ ಬಿಡಿ, ಘಾತವನ್ನೂ ಬಿಡಿ. ಘಾತ ಅಂದರೆ ಪೆಟ್ಟು. ಮುಕ್ಕಾಲು ಪೆಟ್ಟು, ಅರ್ಧ ಪೆಟ್ಟು ಎಂದು ಮಕ್ಕಳ ಬಾಯಲ್ಲಿ ಯಾಕೆ ಹೇಳಿಸಬೇಕು? ಇಮ್ಮಡಿ, ಮುಮ್ಮಡಿ ನಮ್ಮಲ್ಲೇ ಇವೆ. 'ಮಡಿ' ಎನ್ನಿ. ವರ್ಗಮೂಲ, ಘನಮೂಲದ 'ಮೂಲ'ಕ್ಕೆ 'ಬೇರು' ಎನ್ನಿ. ಎಷ್ಟು ದಿನ ಸಂಸ್ಕೃತದ ಹಂಗಿನಲ್ಲಿ ಲೆಕ್ಕ ಮಾಡುವುದು?

ಶಿವಮೊಗ್ಗದಿಂದ:
'ಮಡಿ' ಇಲ್ಲಿ ತಪ್ಪು, ಚರ್ಚೆಗೇ ಜಾಗವಿಲ್ಲ. 8ರ ಮುಮ್ಮಡಿ 24. 8ರ ಘನ 512. ಇಮ್ಮಡಿ ಅಂದರೆ ಎರಡು ಪಟ್ಟು ಎಂದು ಅಡಿಕೆ ವ್ಯಾಪಾರಿಗೂ ಗೊತ್ತು. ಆ ಅರ್ಥ ಕಿತ್ತು ವರ್ಗ ಎಂದು ನೆಡುವುದು ಕನ್ನಡಕ್ಕೇ ಮಾಡುವ ಅನ್ಯಾಯ.

ಘಾತಕ್ಕೆ ಪೆಟ್ಟು ಎಂಬ ಅರ್ಥ ಉಂಟು, ಆದರೆ ಗಣಿತದಲ್ಲಿ ಅದು ಗುಣಾಕಾರ. 1150ರ ಲೀಲಾವತಿಯಲ್ಲಿ ಭಾಸ್ಕರಾಚಾರ್ಯ ವರ್ಗವನ್ನು ಸಮದ್ವಿಘಾತ, ಘನವನ್ನು ಸಮತ್ರಿಘಾತ ಎನ್ನುತ್ತಾನೆ: ಸಮನಾದ ಎರಡರ ಗುಣಲಬ್ಧ, ಸಮನಾದ ಮೂರರ ಗುಣಲಬ್ಧ. ಆ ಹುಡುಗಿಗೆ ಇದನ್ನೇ ಹೇಳಿ. 8ರ ವರ್ಗ 64. ಸಮನಾದ ಯಾವ ಮೂರನ್ನು ಗುಣಿಸಿದರೆ 64? 4. ಮೇಲಿನ 2 ವರ್ಗ, ಕೆಳಗಿನ 3 ಘನಮೂಲ. ಪದದೊಳಗೇ ದಾರಿ ಇದೆ, ಬೇರು ಹುಡುಕುತ್ತ ಹೋಗಬೇಕಿಲ್ಲ.

ತೀರ್ಥಹಳ್ಳಿಯಿಂದ:
ಮಡಿಯನ್ನು ಹಿಂತೆಗೆದುಕೊಂಡೆ. ಬೇರನ್ನು ಬಿಡುವುದಿಲ್ಲ. ಗಿಡದ ಬುಡ ಬಿಡಿಸಿ ನೋಡಿದ ಮಗುವಿಗೆ ಮೂಲಕ್ಕಿಂತ ಬೇರು ಹತ್ತಿರ. ಕೋಚಿಂಗಿನಲ್ಲಿ ಪವರ್, ರೂಟ್ ಎಂದರೆ ಯಾರೂ ಸಿಟ್ಟಾಗುವುದಿಲ್ಲ, ಬೇರು ಎಂದರೆ ಮಾತ್ರ ನಿಮಗೆಲ್ಲ ಮೈ ಉರಿಯುತ್ತದೆ.

ಶಿವಮೊಗ್ಗದಿಂದ:
ಪವರ್ ಅಂದರೂ ನನಗೆ ಸಿಟ್ಟು ಬರುತ್ತದೆ. ಅದಿರಲಿ, ಕೇಳಿದವರಿಗೆ ಉತ್ತರ: 'ಭಿನ್ನರಾಶಿ ಘಾತಾಂಕ' ಎಂದು ಹಾಕಿ. ಪೂರ್ಣಾಂಕ 2 ಕೂಡ ಭಾಗಲಬ್ಧವೇ, ಹಾಗಾಗಿ ಶಾಸ್ತ್ರಕ್ಕೆ ಇದು ತುಸು ಕಿರಿದು. ಫಲಕಕ್ಕೆ ಸಾಕು. 'ಸುಲಭೀಕರಿಸಿ' ತೆಗೆದು 'ಸುಲಭ ರೂಪಕ್ಕೆ ತನ್ನಿ' ಎನ್ನಿ, ಬಾಯಿಗೆ ಹಗುರ.

ಸಾಗರದಿಂದ:
ಇಬ್ಬರಿಗೂ ಧನ್ಯವಾದ. 'ಭಿನ್ನರಾಶಿ ಘಾತಾಂಕ: ಸುಲಭ ರೂಪಕ್ಕೆ ತನ್ನಿ' ಎಂದು ಕಳಿಸಿದೆ. ಕೆಳಗೆ 8, 64, 4ರ ಲೆಕ್ಕವನ್ನು ಹಾಗೇ ಇಟ್ಟಿದ್ದೇನೆ. ಘನಮೂಲದ ಪಕ್ಕ ಕಂಸದಲ್ಲಿ 'ಬೇರು' ಎಂದೂ ಬರೆಸಿದೆ, ಜಾಗ ಇತ್ತು.